ನೆರೂಡಾ ಮನೆ ಪ್ರೊಚಿದಾದಲ್ಲಿಲ್ಲ: ‘ಇಲ್ ಪೊಸ್ತೀನೊ’ವನ್ನು ಮತ್ತೊಮ್ಮೆ ನೋಡುವವರಿಗೆ

‘ಇಲ್ ಪೊಸ್ತೀನೊ’ (‘ಅಂಚೆಯವನು’) ಎಂಬ ಇಟಾಲಿಯನ್ ಚಿತ್ರದಲ್ಲಿ, ದೇಶ ಬಿಟ್ಟು ಇಟಲಿಯ ದ್ವೀಪವೊಂದಕ್ಕೆ ಬಂದಿರುವ ಚಿಲಿಯ ಕವಿ ಪಾಬ್ಲೊ ನೆರೂಡಾ ಅವರಿಗೆ ಮಾರಿಯೊ ಎಂಬ ಅಂಚೆಯವನು ಕಾಗದ ತಲುಪಿಸುತ್ತಾನೆ. ಅದನ್ನು ನೋಡಿ ಮೆಚ್ಚಿದವರು ನೇಪಲ್ಸ್‌ಗೆ ಬಂದರೆ ಪ್ರೊಚಿದಾ ದ್ವೀಪಕ್ಕೆಂದು ಒಂದು ದಿನ ಎತ್ತಿಡುತ್ತಾರೆ. ನಾಲ್ಕು ಚದರ ಕಿಲೋಮೀಟರಿನ ಪುಟ್ಟ ದ್ವೀಪ. ದಿನವಿಡೀ ಸುತ್ತಿದರೂ ಚಿತ್ರದಲ್ಲಿ ಕಂಡ ನೆರೂಡಾ ಅವರ ಮನೆ ಮಾತ್ರ ಸಿಗುವುದಿಲ್ಲ. ಸಿಗುವುದಾದರೂ ಹೇಗೆ? ಆ ಮನೆ ಇರುವುದು ಅಲ್ಲಿಂದ ಸುಮಾರು 250 ಕಿಲೋಮೀಟರ್ ದಕ್ಷಿಣಕ್ಕೆ, ಸಿಸಿಲಿಯ ಉತ್ತರದ ಕಡಲಿನಲ್ಲಿರುವ ಸಲೀನಾ ದ್ವೀಪದ ಪೊಲ್ಲಾರಾದಲ್ಲಿ.

1994ರ ಈ ಚಿತ್ರದಲ್ಲಿ ನಾವು ಕಾಣುವ ದ್ವೀಪ ಯಾವ ನಕ್ಷೆಯಲ್ಲೂ ಇಲ್ಲ. ನಿರ್ದೇಶಕ ಮೈಕೆಲ್ ರ‍್ಯಾಡ್‌ಫರ್ಡ್ ಎರಡು ದ್ವೀಪಗಳನ್ನು ಸೇರಿಸಿ ಹೊಲಿದಿದ್ದಾರೆ. ಬಂದರು, ಮೀನುಗಾರರ ಕೇರಿ, ಮಾರಿಯೊ ಪ್ರೀತಿಸುವ ಬೆಯಾತ್ರಿಚೆ ಕೆಲಸ ಮಾಡುವ ಹೋಟೆಲು ಪ್ರೊಚಿದಾದ್ದು. ಕವಿಯ ಮನೆ, ಅದರ ಕೆಳಗಿನ ಬಂಡೆಯ ತೀರ ಸಲೀನಾದ್ದು. ಕೇರಿಯಿಂದ ಸೈಕಲ್ ಏರಿ ಹೊರಟ ಅಂಚೆಯವನು ಕವಿಯ ಬಾಗಿಲಲ್ಲಿ ಇಳಿಯುವಷ್ಟರಲ್ಲಿ ಒಂದು ಸಮುದ್ರವನ್ನೇ ದಾಟಿರುತ್ತಾನೆ. ಇಷ್ಟು ತಿಳಿದುಕೊಂಡು ನೋಡಿದರೆ ಹೊಲಿಗೆ ಕಣ್ಣಿಗೆ ಬೀಳತೊಡಗುತ್ತದೆ: ಪ್ರೊಚಿದಾದ ಗೋಡೆಗಳೆಲ್ಲ ಗುಲಾಬಿ, ಹಳದಿ, ತಿಳಿನೀಲಿ, ಸಲೀನಾದಲ್ಲಿ ಅಗ್ನಿಪರ್ವತದ ಕಡಿದಾದ ಬಂಡೆ, ಕುರುಚಲು ಹಸಿರು, ಎದುರಿಗೆ ಬಟಾಬಯಲು ಕಡಲು.

ಗೊಂದಲ ಹೆಚ್ಚಿಸಲು ಪ್ರೊಚಿದಾದಲ್ಲೂ ಒಂದು ‘ಅಂಚೆಯವನ ತೀರ’ ಇದೆ. ಸ್ಮಶಾನದ ಹತ್ತಿರದ ಪೊತ್ಸೊ ವೆಕ್ಯೊ ಎಂಬ ಕಪ್ಪು ಮರಳಿನ ತೀರವನ್ನು ಅಲ್ಲಿನವರು ಈಗ ಹಾಗೆಯೇ ಕರೆಯುತ್ತಾರೆ. ಮಾರಿಯೊ ಮತ್ತು ಬೆಯಾತ್ರಿಚೆ ನಡೆಯುವ ತೀರ ಅದು. ಮಾರಿಯೊ ನೆರೂಡಾರ ಜೊತೆ ಕೂತು ರೂಪಕದ ಪಾಠ ಕೇಳುವ ತೀರ ಪೊಲ್ಲಾರಾದ್ದು.

ಪ್ರೊಚಿದಾಕ್ಕೆ ಹೋಗುವುದು ಸುಲಭ, ಆದರೆ ನೇಪಲ್ಸ್ ಬಂದರಿನಲ್ಲಿ ಎಷ್ಟೋ ಜನ ಎಡವುತ್ತಾರೆ. ವೇಗದ ಅಲಿಸ್ಕಾಫೊ ದೋಣಿಗಳು ಹೊರಡುವುದು ಮೊಲೊ ಬೆವೆರೆಲ್ಲೊ ಕಟ್ಟೆಯಿಂದ. 40 ನಿಮಿಷದ ದಾರಿ. ವಾಹನಗಳನ್ನೂ ಒಯ್ಯುವ ದೊಡ್ಡ ಹಡಗು ಹೊರಡುವುದು ಕಲಾತಾ ಪೋರ್ತಾ ದಿ ಮಾಸ್ಸಾದಿಂದ. ಸುಮಾರು ಒಂದು ಗಂಟೆ. ಎರಡರ ನಡುವೆ ನಡೆದರೆ ಹದಿನೈದು ನಿಮಿಷ ಬೇಕು, ಸೂಟ್‌ಕೇಸ್ ಇದ್ದರೆ ಇನ್ನೂ ಹೆಚ್ಚು. ಟಿಕೆಟ್ ಮೇಲಿನ ಕಟ್ಟೆಯ ಹೆಸರನ್ನು ನೋಡದೆ ಹೋದವರ ಹಡಗು ಕಣ್ಣೆದುರೇ ಹೊರಟುಹೋಗುತ್ತದೆ. ಗಾಳಿ ಎದ್ದ ದಿನ ಮೊದಲು ರದ್ದಾಗುವುದು ಅಲಿಸ್ಕಾಫೊ. ದೊಡ್ಡ ಹಡಗು ಸಾಮಾನ್ಯವಾಗಿ ಓಡುತ್ತದೆ. ಹೋಟೆಲಿನ ದೃಶ್ಯಗಳು ನಡೆದ ಕೊರ್ರಿಚೆಲ್ಲಾ ಕೇರಿಗೆ ವಾಹನ ಹೋಗುವುದಿಲ್ಲ, ಮೆಟ್ಟಿಲಿಳಿದೇ ಹೋಗಬೇಕು. ಸಸ್ಯಾಹಾರಿಗಳು ಅಲ್ಲಿ ನಿಂಬೆಯ ಸಲಾಡ್ ಕೇಳಿ. ಸಿಪ್ಪೆಯೊಳಗಿನ ಬಿಳಿ ತಿರುಳು ಬೆರಳುದಪ್ಪ ಇರುವ ದೊಡ್ಡ ನಿಂಬೆ, ಪುದೀನ, ಮೆಣಸಿನಕಾಯಿ, ಎಣ್ಣೆ. ನಮ್ಮ ಕೋಸಂಬರಿಯ ನಾಲಿಗೆಗೆ ಅದು ಪರಕೀಯವೇ ಅಲ್ಲ.

ಸಲೀನಾಕ್ಕೆ ಸಿಸಿಲಿಯ ಮಿಲಾತ್ಸೊದಿಂದ ಅಲಿಸ್ಕಾಫೊ ಹಿಡಿಯಬೇಕು. ನಡುವೆ ನಿಲ್ಲುವ ದ್ವೀಪಗಳನ್ನು ಅವಲಂಬಿಸಿ ಒಂದೂವರೆಯಿಂದ ಎರಡು ಗಂಟೆ. ಪೊಲ್ಲಾರಾಕ್ಕೆ ಮಾಲ್ಫಾ ಊರಿನ ಮೂಲಕ ಬಸ್ಸಿದೆ, ಆದರೆ ದಿನಕ್ಕೆ ಕೆಲವೇ ಸಲ. ಸೂರ್ಯಾಸ್ತ ನೋಡುತ್ತ ಕೂತರೆ ಕೊನೆಯ ಬಸ್ಸು ತಪ್ಪುತ್ತದೆ, ಅದಕ್ಕೇ ವಾಪಸಿನ ಸಮಯವನ್ನು ಹೋಗುವಾಗಲೇ ಚಾಲಕನ ಹತ್ತಿರ ಕೇಳಿಟ್ಟುಕೊಳ್ಳಿ. ಮನೆ ಖಾಸಗಿಯವರದು, ಹೊರಗಿನಿಂದ ನೋಡಿದರೆ ಸಾಕು. ಕೆಳಗಿನ ತೀರವನ್ನು ಕಡಲು ಕೊರೆದು ತುಂಬ ಸಣ್ಣದು ಮಾಡಿದೆ, ಮೇಲಿನ ಬಂಡೆಯಿಂದ ಕಲ್ಲು ಉದುರುತ್ತದೆ. ಎಚ್ಚರಿಕೆಯ ಫಲಕ ದಾಟಿ ಹೋಗಬೇಡಿ.

ಇಷ್ಟೆಲ್ಲ ಪ್ರಯಾಣಕ್ಕೆ ಬಿಡುವಿಲ್ಲದವರು ಮನೆಯಲ್ಲೇ ಕೂತು ಚಿತ್ರವನ್ನು ಇನ್ನೊಮ್ಮೆ ನೋಡಿ, ಆದರೆ ಈ ಸಲ ಮಾರಿಯೊ ಪಾತ್ರದ ಮಾಸ್ಸಿಮೊ ತ್ರೊಯಿಸಿಯ ಮೈಯ ಮೇಲೆ ಕಣ್ಣಿಡಿ. ಅವರು ಎಷ್ಟು ಸಲ ಕೂತಿರುತ್ತಾರೆ, ಗೋಡೆಗೆ ಒರಗಿರುತ್ತಾರೆ, ಎಷ್ಟು ಕಡಿಮೆ ನಡೆಯುತ್ತಾರೆ! ಬಾಲ್ಯದಲ್ಲಿ ಬಂದ ಸಂಧಿವಾತ ಜ್ವರ ಅವರ ಹೃದಯವನ್ನು ಕೆಡಿಸಿತ್ತು. ಚಿತ್ರೀಕರಣದ ಹೊತ್ತಿಗೆ ಸ್ಥಿತಿ ತೀರ ಬಿಗಡಾಯಿಸಿದ್ದರೂ ಚಿತ್ರ ಮುಗಿಸಬೇಕೆಂದು ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು. ದಿನಕ್ಕೆ ಒಂದೆರಡು ಗಂಟೆಗಿಂತ ಹೆಚ್ಚು ನಟಿಸಲು ಆಗುತ್ತಿರಲಿಲ್ಲ. ದೂರದಿಂದ, ಬೆನ್ನಿನ ಕಡೆಯಿಂದ ತೆಗೆದ ಎಷ್ಟೋ ಚಿತ್ರಿಕೆಗಳಲ್ಲಿ ಸೈಕಲ್ ತುಳಿಯುವವರು ಅವರನ್ನೇ ಹೋಲುವ ಗೆರಾರ್ಡೊ ಫೆರಾರಾ. ಚಿತ್ರೀಕರಣ ಮುಗಿದ ಮರುದಿನ, 1994ರ ಜೂನ್ 4ರಂದು, ತ್ರೊಯಿಸಿ ನಿದ್ದೆಯಲ್ಲೇ ತೀರಿಕೊಂಡರು. ಅವರಿಗೆ 41 ವರ್ಷ. ಶ್ರೇಷ್ಠ ನಟ ಪ್ರಶಸ್ತಿಯ ಆಸ್ಕರ್ ನಾಮನಿರ್ದೇಶನ ಬಂದದ್ದು ಅದಾದ ಮೇಲೆ. ಚಿತ್ರಕ್ಕೆ ದಕ್ಕಿದ ಒಂದೇ ಆಸ್ಕರ್ ಲೂಯಿಸ್ ಬಾಕಾಲೊವ್ ಅವರ ಸಂಗೀತಕ್ಕೆ.

ತ್ರೊಯಿಸಿಯ ಮಾತನ್ನು ಡಬ್ ಆದ ಪ್ರತಿಯಲ್ಲಿ ಕೇಳಲೇಬೇಡಿ. ತ್ರೊಯಿಸಿ ನೇಪಲ್ಸ್ ಪಕ್ಕದ ಸಾನ್ ಜಾರ್ಜೊ ಆ ಕ್ರೆಮಾನೊದವರು. ವಾಕ್ಯ ಶುರುಮಾಡಿ, ಅರ್ಧಕ್ಕೆ ಬಿಟ್ಟು, ಇನ್ನೊಂದು ಹಿಡಿದು, ಅದನ್ನೂ ನುಂಗುವ ಅವರ ಮಾತಿನ ಲಯದಲ್ಲೇ ಈ ಚಿತ್ರದ ಹಾಸ್ಯವೆಲ್ಲ ಇದೆ. ಇಟಲಿಯ ಮೂಲ ಪ್ರತಿಯಲ್ಲಿ ಕೂಡ ನೆರೂಡಾ ಪಾತ್ರದ ಫ್ರೆಂಚ್ ನಟ ಫಿಲಿಪ್ ನ್ವಾರೆಗೆ ಬೇರೊಬ್ಬರ ದನಿ ಇದೆ, ತುಟಿ ಸರಿಹೊಂದುವುದಿಲ್ಲ. ಅದನ್ನು ಸಹಿಸಿಕೊಳ್ಳಬಹುದು, ತ್ರೊಯಿಸಿಯ ದನಿ ಹೋದರೆ ಮಾರಿಯೊನೇ ಇಲ್ಲ.

ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದು ಕರೆದುಕೊಂಡು ಬಂದ ನಮಗೆ ಪೊಲ್ಲಾರಾ ತೀರದ ಪಾಠದಲ್ಲಿ ವಿಶೇಷ ರುಚಿ ಸಿಗಬೇಕು. ನೆರೂಡಾ ಕಡಲಿನ ಮೇಲೊಂದು ಪದ್ಯ ಹೇಳುತ್ತಾರೆ. ಕೇಳುತ್ತ ತನಗೆ ತಲೆ ಸುತ್ತಿದಂತಾಯಿತು, ಪದಗಳ ಮೇಲೆ ಹೊಯ್ದಾಡುವ ದೋಣಿಯಂತಾದೆ ಎನ್ನುತ್ತಾನೆ ಮಾರಿಯೊ. ನೀನೇ ಒಂದು ರೂಪಕ ಕಟ್ಟಿದೆಯಲ್ಲ ಎಂದು ಕವಿ ಹಿಗ್ಗುತ್ತಾರೆ. ಶಾಲೆಯಲ್ಲಿ ‘ಸೀತೆಯ ಮುಖ ಕಮಲದಂತೆ ಅರಳಿತು’ ಎಂದರೆ ಉಪಮೆ, ‘ಮುಖಕಮಲ ಅರಳಿತು’ ಎಂದರೆ ರೂಪಕ ಎಂದು ಉರುಹೊಡೆದವರು ಇಲ್ಲಿ ತಟ್ಟನೆ ಹಿಡಿಯುತ್ತಾರೆ: ‘ಅಂತೆ’ ಬಂದ ಮೇಲೆ ಅದು ಉಪಮೆ. ಇಟಾಲಿಯನ್ನಿನಲ್ಲೂ ಆ ‘ಅಂತೆ’ಗೆ ಸಮನಾದ ‘ಕೋಮೆ’ ಇದ್ದೇ ಇದೆ. ಆದರೂ ಕವಿ ತಿದ್ದುವುದಿಲ್ಲ, ಮೊದಲ ಸಲ ಒಂದು ಮಾತು ಕಟ್ಟಿದವನ ಮುಖ ನೋಡುತ್ತ ಕೂತಿರುತ್ತಾರೆ. ನ್ವಾರೆಯ ಅತ್ಯುತ್ತಮ ಅಭಿನಯ ನನ್ನ ಮಟ್ಟಿಗೆ ಈ ಮೌನವೇ.

ನೆರೂಡಾ ಊರಿಗೆ ಮರಳಿದ ಮೇಲೆ ಮಾರಿಯೊ ಅವರಿಗಾಗಿ ದ್ವೀಪದ ಸದ್ದುಗಳನ್ನು ಟೇಪಿನಲ್ಲಿ ಹಿಡಿಯುತ್ತಾನೆ, ಒಂದೊಂದಕ್ಕೂ ಸಂಖ್ಯೆ ಹೇಳುತ್ತ: ಸಣ್ಣ ಅಲೆ, ದೊಡ್ಡ ಅಲೆ, ಬಂಡೆಯ ಮೇಲಿನ ಗಾಳಿ, ಪೊದೆಯೊಳಗಿನ ಗಾಳಿ, ಅಪ್ಪನ ದುಃಖದ ಬಲೆಗಳು, ಚರ್ಚಿನ ಗಂಟೆ. ಆಮೇಲೆ ನಕ್ಷತ್ರ ತುಂಬಿದ ಆಕಾಶ. ಮೈಕನ್ನು ಮೇಲಕ್ಕೆ ಹಿಡಿದು ನಿಲ್ಲುತ್ತಾನೆ, ಸದ್ದೇ ಇಲ್ಲ. ಕೊನೆಯದು ಬೆಯಾತ್ರಿಚೆಯ ಹೊಟ್ಟೆಯೊಳಗಿನ ಪಾಬ್ಲಿಟೊನ ಎದೆಬಡಿತ. ಈ ದೃಶ್ಯ ಬಂದಾಗಲಾದರೂ ಹೆಡ್‌ಫೋನ್ ಹಾಕಿಕೊಳ್ಳಿ.