ಬಿಬಿಇ ಅಸ್ಸೇ ಅರ್ಧಕ್ಕೇ ನಿಂತರೆ

ಗಸಗಸೆ ಕುಟುಂಬದ ಗಿಡಗಳಲ್ಲಿ ಆಲ್ಕಲಾಯ್ಡ್‌ಗಳು (ನೈಟ್ರೋಜನ್ ಇರುವ ಸಸ್ಯ ರಾಸಾಯನಿಕಗಳು) ತಯಾರಾಗುವ ದಾರಿ ಕವಲೊಡೆಯುವುದು ರೆಟಿಕ್ಯುಲಿನ್ ಬಳಿ. ಈ ಅಣುವಿಗೆ ಕನ್ನಡಿ ಬಿಂಬದಂಥ ಎಸ್ ಮತ್ತು ಆರ್ ಎಂಬ ಎರಡು ರೂಪಗಳಿವೆ; ಎಸ್ ರೂಪವನ್ನು ಸ್ಕೌಲೆರಿನ್ ಆಗಿ ಬದಲಿಸುವ ಕಿಣ್ವವೇ ಬರ್ಬೆರಿನ್ ಬ್ರಿಡ್ಜ್ ಎನ್‌ಝೈಮ್, ಚಿಕ್ಕದಾಗಿ ಬಿಬಿಇ. ಸ್ಯಾಂಗ್ವಿನರಿನ್, ಬರ್ಬೆರಿನ್, ನಾಸ್ಕಪಿನ್ ಮೂರೂ ಈ ಬಾಗಿಲು ದಾಟಿಯೇ ಬರಬೇಕು.

ಕಿಣ್ವ ಮಾಡುವ ಕೆಲಸ ನಿಜಕ್ಕೂ ಸೊಗಸಾದದ್ದು. ರೆಟಿಕ್ಯುಲಿನ್‌ನ ನೈಟ್ರೋಜನ್‌ಗೆ ಅಂಟಿರುವ ಮೀಥೈಲ್ ಗುಂಪನ್ನೇ ಹಿಡಿದು ಪಕ್ಕದ ಫೀನಾಲ್ ಉಂಗುರಕ್ಕೆ ಹೊಲಿಯುತ್ತದೆ. ಕ್ಯಾಲಿಫೋರ್ನಿಯಾ ಪಾಪಿಯ ಬಿಬಿಇಯಲ್ಲಿ 417ನೇ ಗ್ಲುಟಮೇಟ್ ಫೀನಾಲ್‌ನ ಪ್ರೋಟಾನ್ ಎಳೆದುಕೊಳ್ಳುತ್ತದೆ, ಮೀಥೈಲ್‌ನಿಂದ ಹೈಡ್ರೈಡ್ (ಎರಡು ಎಲೆಕ್ಟ್ರಾನ್ ಹೊತ್ತ ಹೈಡ್ರೋಜನ್) ಕಿಣ್ವದೊಳಗಿನ ಹಳದಿ ಸಹಾಯಕ ಅಣು ಎಫ್‌ಎಡಿಗೆ ಹೋಗುತ್ತದೆ, ಹೊಸ ಕಾರ್ಬನ್ ಬಂಧ ಕೂಡುತ್ತದೆ. ಕೊನೆಗೆ ಆಮ್ಲಜನಕ ಎಫ್‌ಎಡಿಯನ್ನು ಮೊದಲಿನ ಸ್ಥಿತಿಗೆ ತಂದು ತಾನು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಈ ಎಫ್‌ಎಡಿಗೆ ಎರಡು ಕೋವೇಲೆಂಟ್ ಕಟ್ಟುಗಳಿವೆ: ಒಂದು 104ನೇ ಹಿಸ್ಟಿಡಿನ್‌ಗೆ, ಇನ್ನೊಂದು 166ನೇ ಸಿಸ್ಟೀನ್‌ಗೆ.

ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಈ ಕಿಣ್ವವನ್ನು ತಯಾರಿಸುವ ಹಟ ಬೇಡ. ಸಾಮಾನ್ಯವಾಗಿ ಸಿಗುವುದು ಕರಗದ, ಕೆಲಸಕ್ಕೆ ಬಾರದ ಪ್ರೋಟೀನ್ ಮುದ್ದೆ. ಪಿಕಿಯಾ ಯೀಸ್ಟ್ ಬಳಸಿ ಮೀಡಿಯಂಗೆ ಸ್ರವಿಸುವಂತೆ ಮಾಡಿದರೆ ಹಳದಿ ಬಣ್ಣದ ಸರಿಯಾದ ಕಿಣ್ವ ಸಿಗುತ್ತದೆ. ಎಫ್‌ಎಡಿಗೆ ಕೋವೇಲೆಂಟ್ ಕಟ್ಟು ಬಿದ್ದಿದೆಯೋ ಎಂದು ನೋಡಲು ಒಂದಿಷ್ಟು ಕಿಣ್ವಕ್ಕೆ ಟ್ರೈಕ್ಲೋರೋಅಸಿಟಿಕ್ ಆಮ್ಲ ಹಾಕಿ ಸೆಂಟ್ರಿಫ್ಯೂಜ್ ಮಾಡಿ. ಹಳದಿ ಪೆಲೆಟ್‌ನಲ್ಲೇ ಉಳಿದರೆ ಸರಿ, ಮೇಲಿನ ದ್ರವಕ್ಕೆ ಇಳಿದರೆ ಎಫ್‌ಎಡಿ ಸುಮ್ಮನೆ ಸಿಕ್ಕಿಕೊಂಡಿತ್ತು ಅಷ್ಟೇ.

ಅಸ್ಸೇಗೆ, ಅಂದರೆ ಕಿಣ್ವ ಎಷ್ಟು ಕೆಲಸ ಮಾಡುತ್ತದೆ ಎಂದು ಅಳೆಯುವ ಪರೀಕ್ಷೆಗೆ, ಪಿಎಚ್ 9ರ ಟ್ರಿಸ್ ಬಫರ್, 37 ಡಿಗ್ರಿ, 0.1ರಿಂದ 0.2 ಮಿಲಿಮೋಲಾರ್ ರೆಟಿಕ್ಯುಲಿನ್ ಸಾಕು. ಸಮಪ್ರಮಾಣ ಮೆಥನಾಲ್ ಹಾಕಿ ನಿಲ್ಲಿಸಿ, ಸೆಂಟ್ರಿಫ್ಯೂಜ್ ಮಾಡಿ, ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಅಣುಗಳನ್ನು ಬೇರ್ಪಡಿಸಿ ಪೀಕ್‌ಗಳಾಗಿ ತೋರಿಸುವ ಯಂತ್ರ) 280 ನ್ಯಾನೋಮೀಟರ್‌ನಲ್ಲಿ ನೋಡಿ. ಕುದಿಸಿದ ಕಿಣ್ವದ ಕಂಟ್ರೋಲ್ ಇಲ್ಲದೆ ಯಾವ ಅಂಕಿಯನ್ನೂ ನಂಬಬೇಡಿ.

ರಿಯಾಕ್ಷನ್ ಶೇ. 50ಕ್ಕೆ ಬಂದು ನಿಂತಿತು ಎಂದುಕೊಳ್ಳಿ. ಕಿಣ್ವ ಸತ್ತಿತು ಎಂದು ಇನ್ನಷ್ಟು ಸುರಿಯುವ ಮೊದಲು ಸಬ್‌ಸ್ಟ್ರೇಟ್, ಅಂದರೆ ರೆಟಿಕ್ಯುಲಿನ್, ಬಾಟಲಿಯ ಲೇಬಲ್ ಓದಿ. ಅದು ರೆಸಿಮಿಕ್ (ಎಸ್ ಮತ್ತು ಆರ್ ರೂಪಗಳ ಸಮಪ್ರಮಾಣದ ಮಿಶ್ರಣ) ಆಗಿದ್ದರೆ ಎಸ್ ರೂಪ ಖಾಲಿಯಾಗಿ ಆರ್ ರೂಪ ಹಾಗೇ ಉಳಿದಿದೆ, ಕಿಣ್ವ ತನ್ನ ಕೆಲಸ ಮುಗಿಸಿದೆ. ಶುದ್ಧ ಎಸ್ ರೂಪವೇ ಆಗಿದ್ದೂ ನಿಂತರೆ ಆಮ್ಲಜನಕದ ಮೇಲೆ ಅನುಮಾನ ಪಡಿ. ಗಾಳಿಯೊಂದಿಗೆ ಸಮತೋಲದಲ್ಲಿರುವ ನೀರಿನಲ್ಲಿ 37 ಡಿಗ್ರಿಯಲ್ಲಿ ಕರಗಿರುವ ಆಮ್ಲಜನಕ ಸುಮಾರು 0.2 ಮಿಲಿಮೋಲಾರ್ ಮಾತ್ರ. ತುಂಬಿ ಮುಚ್ಚಿದ ಟ್ಯೂಬಿನಲ್ಲಿ 1 ಮಿಲಿಮೋಲಾರ್ ಸಬ್‌ಸ್ಟ್ರೇಟ್ ಇಟ್ಟರೆ ಉಸಿರು ಕಟ್ಟುವುದು ಖಚಿತ. ಟ್ಯೂಬಿನಲ್ಲಿ ಗಾಳಿಗೆ ಜಾಗ ಬಿಟ್ಟು ಅಲುಗಾಡಿಸಿ. ಕ್ಯಾಟಲೇಸ್ ಸೇರಿಸಿದರೆ ಪೆರಾಕ್ಸೈಡ್ ಒಡೆದು, ಬಳಸಿದ ಆಮ್ಲಜನಕದ ಅರ್ಧ ವಾಪಸ್ ಬರುತ್ತದೆ.

ಗಿಡದ ಅಂಗಾಂಶದಿಂದಲೇ ಕಿಣ್ವ ತೆಗೆಯುವವರಿಗೆ ಕಾಟ ಬೇರೆ: ಅರೆಯುವಾಗಲೇ ಫೀನಾಲ್‌ಗಳು ಆಕ್ಸಿಡೈಸ್ ಆಗಿ ಸಾರ ಕಂದಾಗುತ್ತದೆ, ಪ್ರೋಟೀನ್ ಹಾಳಾಗುತ್ತದೆ. ದ್ರವ ನೈಟ್ರೋಜನ್‌ನಲ್ಲಿ ಪುಡಿ ಮಾಡಿ, ತಣ್ಣನೆಯ ಬಫರ್‌ಗೆ ಫೀನಾಲ್‌ಗಳನ್ನು ಹಿಡಿದಿಡುವ ಪಿವಿಪಿಪಿ ಮತ್ತು ಆಕ್ಸಿಡೇಷನ್ ತಡೆಯುವ ಮರ್ಕ್ಯಾಪ್ಟೋಎಥನಾಲ್ ಸೇರಿಸಿ. ಆಮೇಲೆ ಸಣ್ಣ ಅಣುಗಳನ್ನು ಬೇರ್ಪಡಿಸುವ ಡೀಸಾಲ್ಟಿಂಗ್ ಕಾಲಂ ದಾಟಿಸಿ, ಗಿಡದ ಸ್ವಂತ ಆಲ್ಕಲಾಯ್ಡ್‌ಗಳು ಪೀಕ್‌ಗಳಲ್ಲಿ ಬೆರೆಯಬಾರದು.

ಅಣುಗಳ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಂನಲ್ಲಿ ರೆಟಿಕ್ಯುಲಿನ್‌ನ 330 ಕುಗ್ಗಿ ಸ್ಕೌಲೆರಿನ್‌ನ 328 ಎದ್ದರೆ ರಿಯಾಕ್ಷನ್ ನಡೆದಿದೆ. ಆದರೆ ಬಂಧ ಉಂಗುರದ ಇನ್ನೊಂದು ಜಾಗದಲ್ಲಿ ಕೂಡಿ ಅಲ್ಪಸ್ವಲ್ಪ ಕೊರೆಕ್ಸಿಮಿನ್ ಹುಟ್ಟಬಹುದು, ಅದರದ್ದೂ 328ವೇ. ಶುದ್ಧ ಸ್ಕೌಲೆರಿನ್ ಸ್ಟ್ಯಾಂಡರ್ಡ್‌ನ ರಿಟೆನ್ಷನ್ ಸಮಯದ (ಎಚ್‌ಪಿಎಲ್‌ಸಿಯಿಂದ ಹೊರಬರುವ ಸಮಯ) ಜೊತೆ ಹೊಂದಿಸಿ ನೋಡದೆ ಪೀಕ್‌ಗೆ ಹೆಸರು ಬರೆಯಬೇಡಿ.