ಬೀಸುಕಲ್ಲು ಅಟ್ಟದ ಮೇಲಿತ್ತು

ಹದಿನಾಲ್ಕು ವರ್ಷ ಪರೀಕ್ಷಾ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಹಂಚಿದವಳು ನಾನು. ಪಿಎಚ್.ಡಿ ಕೋರ್ಸ್‌ವರ್ಕ್ ಪರೀಕ್ಷೆಗೆ ಹಾಲ್ ಟಿಕೆಟ್ ಹಿಡಿದು ಕೂತಾಗ ಹಿಂದಿನ ಬೆಂಚಿನಿಂದ ದನಿ ಬಂತು: "ಮೇಡಂ, ಇನ್ನೊಂದು ಪೆನ್ ಐತೇನ್ರಿ?" ತಿರುಗಿದರೆ ನನ್ನದೇ ಹಳೆಯ ವಿದ್ಯಾರ್ಥಿ. ಬಿ.ಎ.ಯಲ್ಲಿ ಒಮ್ಮೆ ಅವನನ್ನು ಫೇಲ್ ಬೇರೆ ಮಾಡಿದ್ದೆ. ಪೆನ್ ಕೊಟ್ಟೆ.

ಎರಡನೇ ತಾಸಿಗೇ ಹೆಬ್ಬೆರಳು ಜೋಮು ಹಿಡಿಯಿತು. ಯುಜಿಸಿಯ 2022ರ ನಿಯಮದ ಪ್ರಕಾರ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಶೇ. 55 ಬಾರದಿದ್ದರೆ ಮುಂದಿನ ಮಾತೇ ಇಲ್ಲ. ನನಗೆ 61 ಬಂತು. ಅವನಿಗೆ 68. ಪೇಡೆ ತಂದುಕೊಟ್ಟು ಹೋದ, ಪೆನ್ ಮಾತ್ರ ತರಲಿಲ್ಲ.

ಪರೀಕ್ಷೆಯನ್ನು ಹೇಗಾದರೂ ದಾಟಬಹುದು, ಸಂಶೋಧನಾ ಸಲಹಾ ಸಮಿತಿ ಹಾಗಲ್ಲ. ಸೆಮಿಸ್ಟರಿಗೊಮ್ಮೆ ಅವರೆದುರು ನಿಂತು ಕೆಲಸ ಎಲ್ಲಿಗೆ ಬಂತೆಂದು ಒಪ್ಪಿಸಬೇಕು. ಗೈಡೇ ಸಂಚಾಲಕರು ನಿಜ, ಆದರೆ ಆವತ್ತು ಅವರೂ ಮೇಜಿನ ಆ ಕಡೆಯವರೇ. ಗದಗ ಸೀಮೆಯ ಬೀಸುವ ಪದಗಳು, ಅಂದರೆ ಬೀಸುಕಲ್ಲು ತಿರುಗಿಸುತ್ತ ಹೆಂಗಸರು ಹಾಡುವ ಹಾಡುಗಳು, ನನ್ನ ವಿಷಯ. 43 ಪದ ರೆಕಾರ್ಡ್ ಮಾಡಿದ್ದೇನೆಂದು ಬೀಗುತ್ತಲೇ ಸ್ಲೈಡ್ ತೋರಿಸಿದೆ. ಅಲ್ಲಿಯವರೆಗೂ ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದ ಇತಿಹಾಸ ವಿಭಾಗದ ಸರ್ ತಲೆ ಎತ್ತಿದರು.

"ಹಾಡುವಾಗ ಆ ಅಜ್ಜಿ ಎಲ್ಲಿ ಕುಂತಿದ್ರು?"

"ಕುರ್ಚಿ ಮ್ಯಾಲೆ, ಸರ್."

"ಬೀಸುಕಲ್ಲು?"

"ಅಟ್ಟದ ಮ್ಯಾಲಿತ್ರಿ."

ವರದಿಯಲ್ಲಿ 'ಕ್ಷೇತ್ರಕಾರ್ಯವನ್ನು ಮತ್ತೊಮ್ಮೆ ಮಾಡುವುದು' ಎಂದು ಬರೆದರು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವರನ್ನು ಬೈದುಕೊಂಡೆ.

ಮುಂದಿನ ಭಾನುವಾರ ಅಜ್ಜಿಯ ಮೊಮ್ಮಗ ಕಲ್ಲು ಇಳಿಸಿದ. "ಹಾಡು ಅಂದಿ, ಹಾಡಿದೆ. ಬೀಸು ಅಂದಿದ್ರ ಬೀಸ್ತಿದ್ನೆಲ್ಲವಾ" ಎಂದರು ಅಜ್ಜಿ, ಕಾಲು ಚಾಚಿ ಕೂತು. ಕುರ್ಚಿಯ ಮೇಲೆ ಒಂದೇ ಉಸಿರಿಗೆ ಹಾಡಿದ್ದ ಅದೇ ತ್ರಿಪದಿ ಇಲ್ಲಿ ಮುರಿಮುರಿದು ಬಂತು. ಗೂಟ ಮುಂದಕ್ಕೆ ಹೋಗುವಾಗ ಅರ್ಧ ಸಾಲು, ಮೈಕಡೆ ಬರುವಾಗ ಇನ್ನರ್ಧ. ಎಡಗೈಯಿಂದ ಜೋಳ ಹಾಕುವಾಗ ಮಾತೇ ಇಲ್ಲ, ಬರೀ ಒಂದು 'ಹೂಂ'. ಎರಡನೇ ಸಾಲನ್ನು ಮತ್ತೆ ಎತ್ತಿಕೊಂಡು, ಕಲ್ಲು ಇನ್ನೆರಡು ಸುತ್ತು ತಿರುಗಿದ ಮೇಲೆ ಮೂರನೆಯದಕ್ಕೆ ಬಂದರು. ನಾನು ಬರೆದುಕೊಂಡ 43ರಲ್ಲಿ ಈ ಮರುಕಳಿಕೆ ಒಂದರಲ್ಲೂ ಇರಲಿಲ್ಲ.

ಇಲ್ಲಿಯತನಕ 11 ಪದ ಮತ್ತೆ ರೆಕಾರ್ಡ್ ಆಗಿವೆ. ಸಮಿತಿ ಮತ್ತೆ ಜುಲೈನಲ್ಲಿ. ಅಜ್ಜಿಯ ಮನೆಗೆ ಹತ್ತು ಸೇರು ಜೋಳ ಕೊಟ್ಟು ಬಂದಿದ್ದೇನೆ.