ರೋಲಿನ ಮೇಲೆ ಕ್ಯಾಮೆರಾ ಹೆಸರು ಬರೆಯಿರಿ

ಲ್ಯಾಬಿಗೆ 120 ಫಿಲ್ಮ್, ಅಂದರೆ ಕಾಗದದ ಜೊತೆ ಸುತ್ತಿ ಬರುವ ಅಗಲದ ರೋಲ್, ತರುವ ಎಲ್ಲರಿಗೂ ನನ್ನದೊಂದು ಬೇಡಿಕೆ. ರೋಲ್ ಮುಗಿದ ಮೇಲೆ ಸುತ್ತಿ ಅಂಟಿಸುವ ಪಟ್ಟಿ ಇರುತ್ತದಲ್ಲ, ಅದರ ಮೇಲೆ ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಅಂತ ಬರೆಯಿರಿ. ಯಾವ ಫಿಲ್ಮ್, ಎಷ್ಟು ಐಎಸ್‌ಒ ಅನ್ನುವುದು ಪಟ್ಟಿಯ ಮೇಲೇ ಅಚ್ಚಾಗಿರುತ್ತದೆ, ಅದನ್ನು ನಾವು ಓದಿಕೊಳ್ಳುತ್ತೇವೆ. ಆದರೆ ಕ್ಯಾಮೆರಾ ಯಾವುದು ಅಂತ ಡೆವಲಪ್ ಆಗುವವರೆಗೂ ಗೊತ್ತಾಗುವುದಿಲ್ಲ. ಹಾಸೆಲ್‌ಬ್ಲಾಡ್‌ನಲ್ಲಿ 12 ಫ್ರೇಮ್ ತೆಗೆದ ರೋಲೂ ಪೆಂಟಾಕ್ಸ್ 67ರಲ್ಲಿ 10 ಫ್ರೇಮ್ ತೆಗೆದ ರೋಲೂ ಸುತ್ತಿಟ್ಟಾಗ ಒಂದೇ ಥರ ಕಾಣುತ್ತವೆ.

ನಾನು ಬಸವನಗುಡಿ ಕಡೆಯ ಒಂದು ಸಣ್ಣ ಲ್ಯಾಬಿನಲ್ಲಿ ಸಿ-41, ಅಂದರೆ ಕಲರ್ ನೆಗೆಟಿವ್ ಡೆವಲಪಿಂಗ್, ನೋಡಿಕೊಳ್ಳುತ್ತೇನೆ. ರೀಲ್ ಲೋಡಿಂಗ್, ಜೋಬೊ ಡೆವಲಪಿಂಗ್ ಮೆಷಿನ್, ಒಣಗಿಸುವುದು, ಸ್ಕ್ಯಾನಿಂಗ್, ಎಲ್ಲಕ್ಕೂ ಇಬ್ಬರೇ. ಮದುವೆ ಸೀಸನ್ನಿನಲ್ಲಿ ಊಟಕ್ಕೂ ಬಿಡುವಿಲ್ಲ. ಆಷಾಢ ಬಂದರೆ ಕೆಲಸ ಕಡಿಮೆ. ಮದುವೆ ಫೋಟೋಗ್ರಾಫರ್‌ಗಳಲ್ಲಿ ಕೆಲವರು ಈಗ ಡಿಜಿಟಲ್ ಜೊತೆಗೆ ಫಿಲ್ಮ್ ಕೂಡ ತೆಗೆಯುತ್ತಾರೆ. ಹಾಗೆ ತೆಗೆಯುವವರು ಒಂದೇ ಕ್ಯಾಮೆರಾಗೆ ಅಂಟಿಕೊಂಡಿರುವುದು ಅಪರೂಪ. ಇವತ್ತು ಯಾಶಿಕಾ ಮ್ಯಾಟ್, ನಾಳೆ ಸ್ನೇಹಿತರ ಆರ್‌ಬಿ67, ನಾಡಿದ್ದು ಬಾಡಿಗೆಗೆ ತಂದ ಇನ್ನೊಂದು. ಬದಲಾಯಿಸುವುದು ತಪ್ಪಲ್ಲ. ಬದಲಾಯಿಸಿದ್ದು ನಮಗೂ ಗೊತ್ತಾಗಲಿ ಅನ್ನುವುದಷ್ಟೇ ನನ್ನ ಮಾತು.

ವೈಶಾಖದ ಒಂದು ಮದುವೆಯ ರೋಲ್‌ಗಳು ಬಂದ ದಿನದಿಂದ ಇದನ್ನು ಕಂಡಕಂಡವರಿಗೆಲ್ಲ ಹೇಳುತ್ತಿದ್ದೇನೆ.

ಫೋಟೋಗ್ರಾಫರ್ ನಮ್ಮ ಹಳೆಯ ಗಿರಾಕಿ. ಒಳ್ಳೆ ಕೈ. ವರ್ಷಗಟ್ಟಲೆ ನಿಕಾನ್ ಎಫ್‌ಎಂ2ನಲ್ಲಿ ತೆಗೆದವರು, ಆಮೇಲೆ ಹಾಸೆಲ್‌ಬ್ಲಾಡ್ 500ಸಿ/ಎಂ ತೆಗೆದುಕೊಂಡವರು. ಅವರ ನೆಗೆಟಿವ್ ನೋಡಿದರೆ ಖುಷಿಯಾಗುತ್ತಿತ್ತು, ಅಷ್ಟು ಸಮ ಇರುತ್ತಿತ್ತು ಎಕ್ಸ್‌ಪೋಷರ್. ಬೆಳಿಗ್ಗೆ ರೋಲ್‌ಗಳನ್ನು ಕೌಂಟರಿಗೆ ಕೊಟ್ಟು, ಸಂಜೆಯೊಳಗೆ ಸ್ಕ್ಯಾನ್ ಬೇಕು ಅಂದು, ಇನ್ನೊಂದು ಮಂಟಪಕ್ಕೆ ಓಡಿದ್ದರು. ಎಲ್ಲ ಕೊಡಾಕ್ ಪೋರ್ಟ್ರಾ 400 ಕಲರ್ ಫಿಲ್ಮ್. ಪಟ್ಟಿಗಳ ಮೇಲೆ ಪೆನ್ನಿನಲ್ಲಿ ಒಂದೊಂದು ಅಕ್ಷರ ಇತ್ತು. ಕೆಲವದರ ಮೇಲೆ ಪಿ, ಉಳಿದವುಗಳ ಮೇಲೆ ಎಚ್.

ನಮ್ಮಲ್ಲಿ ಪಿ ಅಂದರೆ ಪುಶ್, ಡೆವಲಪರ್‌ನಲ್ಲಿ ಜಾಸ್ತಿ ಹೊತ್ತು ಇಡುವುದು. ಹಾಗಾಗಿ ಅವನ್ನು ಬೇರೆ ಇಟ್ಟು ಮಾಲೀಕರನ್ನು ಕೇಳಿದೆ. ಅವರು ಫಾರ್ಮ್ ನೋಡಿದರು. ಪುಶ್ ಕಾಲಂ ಖಾಲಿ ಇತ್ತು. "ಫಾರ್ಮಿನಲ್ಲಿ ಇಲ್ಲದ್ದು ಇಲ್ಲ, ನಾರ್ಮಲ್ ಓಡಿಸಿ" ಅಂದರು. ಬೇರೆ ಇಟ್ಟಿದ್ದೆನಲ್ಲ, ಹಾಗಾಗಿ ಪಿ ರೋಲ್‌ಗಳೆಲ್ಲ ಮೊದಲನೇ ಟ್ಯಾಂಕಿಗೆ ಹೋದವು. ಎಚ್ ಇದ್ದವು ಎರಡನೇ ಟ್ಯಾಂಕಿಗೆ.

ಮೊದಲನೇ ಟ್ಯಾಂಕ್ ಎಂದಿನಂತೆ ಓಡಿತು. 37.8 ಡಿಗ್ರಿ, 3 ನಿಮಿಷ 15 ಸೆಕೆಂಡ್ ಡೆವಲಪರ್, ಆಮೇಲೆ ಬ್ಲೀಚ್, ಫಿಕ್ಸ್, ವಾಶ್. ಕೊನೆಯ ರಿನ್ಸ್ ಡಿಸ್ಟಿಲ್ಡ್ ನೀರಿನಲ್ಲಿ, ಯಾಕೆಂದರೆ ಟ್ಯಾಂಕರ್ ನೀರು ಹಾಕಿದರೆ ಒಣಗಿದ ಮೇಲೆ ಬಿಳಿ ಕಲೆ ಖಂಡಿತ. ರೀಲಿನಿಂದ ಬಿಚ್ಚಿ ಮೊದಲ ರೋಲನ್ನು ಕ್ಲಿಪ್ಪಿಗೆ ಹಾಕಿ ಬೆಳಕಿಗೆ ಹಿಡಿದೆ. ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ಪ್ರತಿ ಫ್ರೇಮಿನಲ್ಲೂ ಒಂದು ಅಂಚಿನ ಕಡೆ ಮಾತ್ರ ಚಿತ್ರ ಗಟ್ಟಿಯಾಗಿತ್ತು. ಹೆಚ್ಚೆಂದರೆ ಕಾಲು ಭಾಗ. ಉಳಿದದ್ದೆಲ್ಲ ತೆಳು, ಬರೀ ಕಿತ್ತಳೆ ಬಣ್ಣ. ಧಾರೆ ಎರೆಯುವ ಫ್ರೇಮಿನಲ್ಲಿ ಹುಡುಗಿಯ ಅಮ್ಮ ಸ್ಪಷ್ಟವಾಗಿ ಇದ್ದಾರೆ. ಹುಡುಗ, ಹುಡುಗಿ ಇಬ್ಬರೂ ನೆರಳು. ಕ್ಯಾಮೆರಾವನ್ನು ನಿಲ್ಲಿಸಿ ಹಿಡಿದ ಕಡೆ ಮಂಟಪದ ಹೂವು ಬೆಳಗಿದೆ, ಮುಖ ಇಲ್ಲ.

ನನ್ನ ತಲೆಗೆ ಮೊದಲು ಬಂದದ್ದು ಓವರ್‌ಲ್ಯಾಪ್. ಜೋಬೊ ರೀಲಿನಲ್ಲಿ ಎರಡು 120 ರೋಲ್ ಒಟ್ಟಿಗೆ ಹಾಕುತ್ತೇವೆ, ಮೊದಲನೆಯದನ್ನು ಒಳಗೆ ತಳ್ಳಿ ಕೆಂಪು ಕ್ಲಿಪ್ ಒತ್ತಬೇಕು. ಒತ್ತದಿದ್ದರೆ ಎರಡನೆಯದು ಅದರ ಮೇಲೆ ಹತ್ತಿ ಅಂಟಿಕೊಳ್ಳುತ್ತದೆ. ಅಂಟಿದ ಕಡೆ ಡೆವಲಪರ್ ಹೋಗುವುದಿಲ್ಲ. ಕ್ಲಿಪ್ ಒತ್ತಿದ ನೆನಪಿತ್ತು. ಆದರೂ ಅಂಥ ಹೊತ್ತಿನಲ್ಲಿ ನೆನಪನ್ನು ಯಾರು ನಂಬುತ್ತಾರೆ? ನಮ್ಮಿಂದಲೇ ಆಯಿತೇನೋ ಅಂತ ಮಾಲೀಕರಿಗೆ ಹೇಳಿಬಿಟ್ಟೆ. ಅವರು ಫೋಟೋಗ್ರಾಫರ್‌ಗೆ ಫೋನ್ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಅಲ್ಲಿ ಮುಹೂರ್ತದ ಹೊತ್ತು, ಹೇಗೆ ಎತ್ತುತ್ತಾರೆ?

ಅಷ್ಟರಲ್ಲಿ ಎರಡನೇ ಟ್ಯಾಂಕ್ ವಾಟರ್ ಬಾತ್‌ನಲ್ಲಿ ಬಿಸಿಯಾಗಿ ನಿಂತಿತ್ತು. ಮಾಲೀಕರು ಒಣಗಲು ಹಾಕಿದ ರೋಲ್‌ಗಳ ಮುಂದೆ ನಿಂತು, "ನೆಗೆಟಿವ್ ತೆಳುವಾಗಿದೆ, ಉಳಿದದ್ದನ್ನು ಪುಶ್ ಮಾಡಿಬಿಡಿ" ಅಂದರು. ನಾನೂ ಹೂಂ ಅಂದೆ. ಟೈಮರ್‌ಗೆ ಅರ್ಧ ನಿಮಿಷ ಸೇರಿಸಿದೆ. ಆ ಹೂಂ ಈಗಲೂ ಚುಚ್ಚುತ್ತದೆ. ತೆಳುವಾಗಿದ್ದದ್ದು ಮುಕ್ಕಾಲು ಭಾಗ ಮಾತ್ರ. ಪುಶ್ ಮಾಡಿದರೆ ಬೆಳಗಿದ ಕಾಲು ಭಾಗವೂ ಇನ್ನಷ್ಟು ಗಟ್ಟಿಯಾಗುತ್ತದೆ, ನಡುವಿನ ಅಂತರ ಕಡಿಮೆಯಾಗುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಏನಾದರೂ ಮಾಡಬೇಕು ಅನ್ನುವ ಅವಸರದಲ್ಲಿ ಏನು ಮಾಡುತ್ತಿದ್ದೇವೆ ಅಂತ ಯೋಚಿಸುವುದೇ ಬಿಟ್ಟುಹೋಗಿತ್ತು.

ಟ್ಯಾಂಕನ್ನು ಮೆಷಿನ್ನಿಗೆ ಸಿಕ್ಕಿಸುವ ಮೊದಲು ಇನ್ನೊಮ್ಮೆ ಒದ್ದೆ ರೋಲಿನ ಹತ್ತಿರ ಹೋದೆ. ಈ ಸಲ ಚಿತ್ರ ಬಿಟ್ಟು ಅಂಚು ನೋಡಿದೆ. ಕೊಡಾಕ್ ಹೆಸರು, ಫ್ರೇಮ್ ನಂಬರ್ ಎಲ್ಲ ರೋಲಿನ ಉದ್ದಕ್ಕೂ ಒಂದೇ ಸಮ ಗಟ್ಟಿಯಾಗಿ ಬಂದಿದ್ದವು. ತೆಳು ಜಾಗದ ಪಕ್ಕದಲ್ಲೂ. ಡೆವಲಪರ್ ಹೋಗದಿದ್ದರೆ ಅಂಚಿನ ಅಕ್ಷರವೂ ಬರುವುದಿಲ್ಲ. ಅಲ್ಲಿಗೆ ಓವರ್‌ಲ್ಯಾಪ್ ಅಲ್ಲ, ಕೆಮಿಸ್ಟ್ರಿ ಅಲ್ಲ. ಬೆಳಗಿದ ಪಟ್ಟೆ ಪ್ರತಿ ಫ್ರೇಮಿನಲ್ಲೂ ಒಂದೇ ಕಡೆ, ಒಂದೇ ಅಗಲ, ಅದರ ಗೆರೆ ನೆಟ್ಟಗೆ. ಅಂಟಿಕೊಂಡ ಫಿಲ್ಮ್ ಹೀಗೆ ಲೆಕ್ಕ ಹಾಕಿ ಕೆಡುವುದಿಲ್ಲ.

ಫ್ರೇಮ್ ಎಣಿಸಿದೆ. ಹತ್ತು. ಅಂದರೆ 6×7 ಸೆಂಟಿಮೀಟರಿನ ಫ್ರೇಮ್. ಇವರ ಹತ್ತಿರ ಇದ್ದದ್ದು 6×6ರ ಹಾಸೆಲ್‌ಬ್ಲಾಡ್ ಅಲ್ವಾ?

ಆರ್‌ಬಿ67 ಕೂಡ 6×7 ಕೊಡುತ್ತದೆ. ಆದರೆ ಅದರ ಶಟರ್ ಲೆನ್ಸಿನೊಳಗೆ ಇರುತ್ತದೆ, ಹಾಸೆಲ್‌ಬ್ಲಾಡ್ 500 ಸರಣಿಯ ಹಾಗೆ. ಲೆನ್ಸಿನೊಳಗಿನ ಈ ಲೀಫ್ ಶಟರ್ ಯಾವ ಸ್ಪೀಡಿನಲ್ಲೂ ಒಂದು ಗಳಿಗೆ ಪೂರ್ತಿ ತೆರೆಯುತ್ತದೆ. ಹಾಗಾಗಿ 1/500ರಲ್ಲಿ ಫ್ಲಾಶ್ ಹೊಡೆದರೂ ಫ್ರೇಮ್ ಪೂರ್ತಿ ಬೆಳಗುತ್ತದೆ. ಹೀಗೆ ಪಟ್ಟೆ ಬೀಳಲು ಫಿಲ್ಮಿನ ಮುಂದೆಯೇ ಪರದೆ ಓಡುವ ಫೋಕಲ್ ಪ್ಲೇನ್ ಶಟರೇ ಬೇಕು. 6×7, ಫೋಕಲ್ ಪ್ಲೇನ್, ಪೆನ್ನಿನ ಪಿ. ಪೆಂಟಾಕ್ಸ್ 67.

ಆ ಕ್ಯಾಮೆರಾದಲ್ಲಿ ಬಟ್ಟೆಯ ಪರದೆ ಅಡ್ಡಕ್ಕೆ ಓಡುತ್ತದೆ, ಹತ್ತಿರ ಹತ್ತಿರ 70 ಮಿಲಿಮೀಟರ್. ಎಫ್‌ಎಂ2ನ ಲೋಹದ ಎಲೆಗಳು ಮೇಲಿಂದ ಕೆಳಕ್ಕೆ ಓಡಬೇಕಾದದ್ದು ಬರೀ 24 ಮಿಲಿಮೀಟರ್. ಅದಕ್ಕೇ ನಿಕಾನಿನಲ್ಲಿ ಸಿಂಕ್, ಅಂದರೆ ಫ್ಲಾಶ್ ಜೊತೆ ಇಡಬಹುದಾದ ಅತಿ ವೇಗದ ಸ್ಪೀಡ್, 1/200, ಆಮೇಲೆ ಬಂದವುಗಳಲ್ಲಿ 1/250. ಪೆಂಟಾಕ್ಸ್ 67ರಲ್ಲಿ 1/30. ಅದಕ್ಕಿಂತ ವೇಗ ಇಟ್ಟರೆ ಮೊದಲ ಪರದೆ ಕೊನೆ ಮುಟ್ಟುವ ಮೊದಲೇ ಎರಡನೆಯದು ಹೊರಟಿರುತ್ತದೆ. ಫ್ಲಾಶ್ ಹೊಡೆಯುವ ಗಳಿಗೆಯಲ್ಲಿ ತೆರೆದಿರುವುದು ಒಂದು ಸೀಳು ಮಾತ್ರ.

ಕಸದ ಬುಟ್ಟಿಗೆ ಕೈ ಹಾಕಿದೆ. ಬ್ಯಾಕಿಂಗ್ ಪೇಪರ್‌ಗಳ ನಡುವೆ ಹರಿದ ಪಟ್ಟಿಗಳಿದ್ದವು. ಒಂದೊಂದನ್ನೇ ಬಿಡಿಸಿ ಮೇಜಿನ ಮೇಲೆ ಜೋಡಿಸಿದೆ. ಪಿ ಎಷ್ಟಿವೆಯೋ ಅಷ್ಟೂ ರೋಲ್ ಒಣಗಲು ಹಾಕಿದ್ದಾಗಿತ್ತು. ಟ್ಯಾಂಕಿನಲ್ಲಿ ಇದ್ದದ್ದೆಲ್ಲ ಎಚ್. ಹಾಸೆಲ್‌ಬ್ಲಾಡ್. ಟೈಮರನ್ನು ಮತ್ತೆ 3:15ಕ್ಕೆ ತಂದೆ. ಮಾಲೀಕರಿಗೆ ಸಮಾಧಾನವಾಗಲಿಲ್ಲ, ಫೋನ್ ಬರಲಿ ಅಂದರು. ಅಲ್ಲೇ ನಿಂತೆವು, ಇಬ್ಬರೂ ಮಾತಾಡದೆ.

ಫೋನ್ ಬಂತು. ನಾನೇ ತೆಗೆದುಕೊಂಡು ಮೂರು ಪ್ರಶ್ನೆ ಕೇಳಿದೆ. ಸ್ಟೇಜ್ ಮೇಲೆ ಯಾವ ಕ್ಯಾಮೆರಾ? ಸ್ನೇಹಿತರ ಪೆಂಟಾಕ್ಸ್, 105 ಲೆನ್ಸ್. ಫ್ಲಾಶ್? ಹೌದು. ಸ್ಪೀಡ್? 1/125. ಆಮೇಲೆ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಅವರಿಗೆ ವಿವರಿಸಬೇಕಾಗಿ ಬರಲಿಲ್ಲ.

ಎರಡನೇ ಟ್ಯಾಂಕ್ ಚೆನ್ನಾಗಿ ಬಂತು. ಅಂಗಳದಲ್ಲಿ, ಚಪ್ಪರದ ಕೆಳಗೆ ತೆಗೆದ ಚೌಕ ಚಿತ್ರಗಳು. ಪುಶ್ ಮಾಡಿದ್ದರೂ ಪೋರ್ಟ್ರಾ ತಡೆದುಕೊಳ್ಳುತ್ತಿತ್ತು ಅನ್ನುವವರಿದ್ದಾರೆ. ತಡೆದುಕೊಳ್ಳಬಹುದು. ಸರಿಯಾಗಿ ಎಕ್ಸ್‌ಪೋಸ್ ಆದ ಮದುವೆಯ ರೋಲಿಗೆ ಸುಮ್ನೆ ಗ್ರೇನ್, ಕಾಂಟ್ರಾಸ್ಟ್ ಜಾಸ್ತಿ ಮಾಡುವ ಹಕ್ಕು ನಮಗಿಲ್ಲ.

ಫೋಟೋಗ್ರಾಫರ್ ಕ್ಯಾಮೆರಾ ಬದಲಾಯಿಸಿದ್ದಕ್ಕೆ ಒಳ್ಳೆ ಕಾರಣವೇ ಇತ್ತು. ಹಾಸೆಲ್‌ಬ್ಲಾಡ್‌ನ ವೇಸ್ಟ್ ಲೆವೆಲ್ ಫೈಂಡರಿನಲ್ಲಿ ಎಡ ಬಲ ಅದಲು ಬದಲು. ಸ್ಟೇಜ್ ಮೇಲೆ ನೂಕುನುಗ್ಗಲಿನಲ್ಲಿ ಸೊಂಟದ ಎತ್ತರದಲ್ಲಿ ಹಿಡಿದರೆ ಯಾರದೋ ಮೊಣಕೈ ಕಾಣುತ್ತದೆ. ಪೆಂಟಾಕ್ಸನ್ನು ಪ್ರಿಸ್ಮ್ ಹಾಕಿಕೊಂಡು ಕಣ್ಣಿಗೆ ಹಿಡಿಯಬಹುದು. 35 ಎಂಎಂ ಎಸ್‌ಎಲ್‌ಆರ್ ಅನ್ನೇ ದೊಡ್ಡದು ಮಾಡಿದ ಹಾಗಿದೆ. ತೊಂದರೆ ಇರುವುದೂ ಅಲ್ಲೇ. ಕೈಗೆ ಗುರುತಿನದು ಅನ್ನಿಸಿದ ಕೂಡಲೇ ಹಳೆಯ ಅಭ್ಯಾಸ ಓಡಿ ಬರುತ್ತದೆ. 1/125 ಎಫ್‌ಎಂ2ನಲ್ಲಿ ನಡೆದಿತ್ತು, ಹಾಸೆಲ್‌ಬ್ಲಾಡ್‌ನಲ್ಲೂ ನಡೆದಿತ್ತು. ಎರಡು ಕಡೆ ನಡೆದದ್ದನ್ನು ಮೂರನೇ ಕಡೆ ಯಾರೂ ಅನುಮಾನಿಸುವುದಿಲ್ಲ. ಅದೇ ಪೆಂಟಾಕ್ಸ್ 67ಗೆ 90 ಎಂಎಂ ಮತ್ತು 165 ಎಂಎಂನಲ್ಲಿ ಲೀಫ್ ಶಟರ್ ಇರುವ ಲೆನ್ಸ್‌ಗಳೂ ಇವೆ. ಫ್ಲಾಶ್ ಬಳಸುವವರು ಅವನ್ನು ಹುಡುಕಿ ತರುವುದು ಇದಕ್ಕೇ. 105ರ ಚಂದಕ್ಕೆ ಮರುಳಾಗಿ ತರುವವರು 1/30 ನೆನಪಿಟ್ಟುಕೊಳ್ಳಲೇಬೇಕು.

ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ಹೋದವರ ಗುರುತು ನೆಗೆಟಿವ್ ಮೇಲೆ ಬೇರೆ ಥರವೂ ಬರುತ್ತದೆ. 35 ಎಂಎಂನಿಂದ ಹೊಸದಾಗಿ ಬಂದವರ ರೋಲುಗಳ ಅಂಚಿಗೆ ಬೆಳಕು ಹೊಕ್ಕಿರುತ್ತದೆ. ಕ್ಯಾಸೆಟ್ ಇಲ್ಲ, ಬರೀ ಕಾಗದದ ರಕ್ಷಣೆ, ಅದನ್ನು ಲಾಲ್‌ಬಾಗ್ ಬಿಸಿಲಿನಲ್ಲಿ ನಿಂತು ಸಡಿಲವಾಗಿ ಸುತ್ತಿ ತೆಗೆದರೆ ಇನ್ನೇನಾಗುತ್ತದೆ? ನೆರಳಿಗೆ ಹೋಗಿ, ಬಿಗಿಯಾಗಿ ಹಿಡಿದು ಪಟ್ಟಿ ಅಂಟಿಸಿ. ಹಾಸೆಲ್‌ಬ್ಲಾಡ್‌ಗೆ ಫಿಲ್ಮ್ ತುಂಬುವ ಎ12 ಬ್ಯಾಕಿಗೆ ಫಿಲ್ಮ್ ತಿರುಗಿಸಿ ಹಾಕಿ ಇಡೀ ರೋಲ್ ಕಾಗದದ ಮೇಲೆ ತೆಗೆದವರಿದ್ದಾರೆ. ಆರ್‌ಬಿ67ರ ಬೆಲ್ಲೋಸ್ ಚಾಚಿ ಒಡವೆಯ ಕ್ಲೋಸಪ್ ತೆಗೆದು, ಪಕ್ಕದ ಸ್ಕೇಲ್ ನೋಡದೆ, ಎಕ್ಸ್‌ಪೋಷರ್ ಹೆಚ್ಚಿಸದೆ ತರುವವರು ಪ್ರತಿ ಸೀಸನ್ನಿನಲ್ಲೂ ಸಿಗುತ್ತಾರೆ. ಆ ತೆಳು ನೆಗೆಟಿವ್ ನೋಡಿ ಡೆವಲಪರ್ ಸತ್ತಿದೆಯಾ ಅಂತ ಕೇಳುತ್ತಾರೆ. ಅಂಚಿನ ಅಕ್ಷರ ತೋರಿಸುತ್ತೇನೆ.

ಬಾಡಿಗೆಗೋ ಕಡವಾಗಿಯೋ ತಂದ ಕ್ಯಾಮೆರಾದಲ್ಲಿ ಫ್ಲಾಶ್ ಬಳಸುವುದಿದ್ದರೆ ಹಿಂದಿನ ದಿನ ಒಂದು ಕೆಲಸ ಮಾಡಿ. ಫಿಲ್ಮ್ ಹಾಕದೆ ಹಿಂಬಾಗಿಲು ತೆರೆದಿಡಿ, ಫ್ಲಾಶನ್ನು ಬಿಳಿ ಗೋಡೆಗೆ ತಿರುಗಿಸಿ, ಹಿಂದಿನಿಂದ ನೋಡುತ್ತಾ ಕ್ಲಿಕ್ ಮಾಡಿ. ಪೂರ್ತಿ ಚೌಕಟ್ಟು ಬೆಳಗುತ್ತದಾ, ಪಟ್ಟೆ ಮಾತ್ರವಾ, ಕಣ್ಣಿಗೇ ಕಾಣುತ್ತದೆ. ಫಿಲ್ಮಿನ ಖರ್ಚೂ ಇಲ್ಲ.

ಸ್ಟೇಜ್ ರೋಲ್‌ಗಳನ್ನು ನಾನು ಬಿಡಲಿಲ್ಲ. ಸ್ಕ್ಯಾನರಿನ ಆಟೋ ಕ್ರಾಪ್ ಬೆಳಗಿದ ಪಟ್ಟೆಯನ್ನೇ ಫ್ರೇಮ್ ಅಂದುಕೊಂಡು ಉಳಿದದ್ದನ್ನು ಕತ್ತರಿಸುತ್ತಿತ್ತು. ಅದನ್ನು ಆಫ್ ಮಾಡುವ ಸೆಟ್ಟಿಂಗ್ ಪ್ರತಿ ಸ್ಟ್ರಿಪ್ ಹಾಕಿದಾಗಲೂ ಮತ್ತೆ ಆನ್ ಆಗುತ್ತದೆ. ಈ ಸಾಫ್ಟ್‌ವೇರ್ ಬದಲಿಸಿ ಅಂತ ಎಷ್ಟು ಹೇಳಿದರೂ ಆಗಿಲ್ಲ. ಕೈಯಲ್ಲೇ ಒಂದೊಂದು ಫ್ರೇಮ್ ಮಾಡಿದೆ. ತೆಳು ಭಾಗದಲ್ಲಿ ಏನೂ ಸಿಗಲಿಲ್ಲ, ಟ್ಯೂಬ್‌ಲೈಟ್ ಬೆಳಕು ಆ ಸೆಟ್ಟಿಂಗಿಗೆ ಸಾಲುವಂಥದ್ದಲ್ಲ. ಆದರೆ ಪಟ್ಟೆಯೊಳಗೆ ಮುಖ ಬಿದ್ದ ಕೆಲವು ಇದ್ದವು. ಹುಡುಗಿಯ ಅಮ್ಮ, ಕಣ್ಣೊರೆಸಿಕೊಳ್ಳುವ ಅಜ್ಜಿ, ಅಕ್ಷತೆ ಹಿಡಿದ ಒಂದು ಮಗು. ಉದ್ದಕ್ಕೆ ಕತ್ತರಿಸಿ ಕಳಿಸಿದೆ. ಫೋಟೋಗ್ರಾಫರ್ ಅವನ್ನು ಮನೆಯವರಿಗೆ ಕೊಟ್ಟರು, ಧಾರೆಯ ಫಿಲ್ಮ್ ಚಿತ್ರ ಇಲ್ಲ ಅಂತ ನೇರವಾಗಿ ಹೇಳಿ. ಡಿಜಿಟಲ್‌ನಲ್ಲಿ ಧಾರೆ ಇತ್ತು, ಅದೊಂದು ಉಳಿಯಿತು.

ಮರುದಿನವೇ ಆರ್ಡರ್ ಫಾರ್ಮಿನಲ್ಲಿ ಕ್ಯಾಮೆರಾಗೆ ಒಂದು ಕಾಲಂ ಬೇಕು ಅಂತ ಮಾಲೀಕರಿಗೆ ಹೇಳಿದೆ. ಗಿರಾಕಿಗಳಿಗೆ ಜಾಸ್ತಿ ಪ್ರಶ್ನೆ ಕೇಳಿದರೆ ಬೇಸರವಾಗುತ್ತದೆ, ಅಲ್ಲದೆ ಹಳೆಯ ಫಾರ್ಮ್ ಕಟ್ಟುಗಟ್ಟಲೆ ಅಚ್ಚಾಗಿದೆ ಅನ್ನುವುದು ಅವರ ಉತ್ತರ. ನಾನು ಒಪ್ಪುವುದಿಲ್ಲ. ಸ್ಕ್ಯಾನ್ ಸೈಜ್‌ಗೆ ನಾಲ್ಕು ಕಾಲಂ ಇಟ್ಟವರು ಕ್ಯಾಮೆರಾಗೆ ಒಂದು ಇಡಬಹುದು. ಸದ್ಯಕ್ಕೆ ಕೌಂಟರಿನಲ್ಲಿ ನಾನಿದ್ದರೆ ಯಾವ ಕ್ಯಾಮೆರಾ, ಫ್ಲಾಶ್ ಇತ್ತಾ, ಪುಶ್ ಬೇಕಾ ಅಂತ ಕೇಳಿ ಫಾರ್ಮಿನ ಹಿಂಬದಿಗೆ ಬರೆದುಕೊಳ್ಳುತ್ತೇನೆ. ಬೇಸರ ಮಾಡಿಕೊಂಡವರು ಇದುವರೆಗೆ ಯಾರೂ ಇಲ್ಲ.